ತಂಗಿಯ ಬದಲು ನಾನು ಕೊಟ್ಟ ಉತ್ತರ

ನನ್ನ ತಂಗಿ ಸವಿತಾ ಕಾಪರ್-ಟಿ ಹಾಕಿಸಿಕೊಂಡು ಎರಡು ವರ್ಷವಾಯಿತು. ತಲೆನೋವು ಪೂರ್ತಿ ಹೋಗಿಲ್ಲ. ತಿಂಗಳಿಗೊಂದು ಸಲ, ಕೆಲವು ತಿಂಗಳು ಎರಡು ಸಲ ಬರುತ್ತದೆ. ಬಂದಾಗ ಕಿಟಕಿಗೆ ದುಪ್ಪಟಿ ಕಟ್ಟಿಕೊಂಡು ಮಲಗುತ್ತಾಳೆ, ಎದ್ದು ಒಂದಿಷ್ಟು ಅನ್ನ ಸಾರು ಉಣ್ಣುತ್ತಾಳೆ, ಮಾರನೆಯ ದಿನ ಕೆಲಸಕ್ಕೆ ಬರುತ್ತಾಳೆ. ಅವಳ ಬಲಗೈ ಸರಿಯಾಗಿದೆ. ಮಾತೂ ಸರಿಯಾಗಿದೆ, ಸರಿಯಾಗಿರುವುದೇನು, ಈಗ ಸ್ವಲ್ಪ ಜಾಸ್ತಿಯೇ ಆಗಿದೆ ಎಂದು ಅವಳ ಅತ್ತೆ ದೂರುತ್ತಾರೆ. ಆ ಕೈ, ಆ ಮಾತು ಎರಡೂ ಹೋಗಿಬಿಡಬಹುದಿತ್ತು. ಹೋಗಿದ್ದರೆ ಅದಕ್ಕೆ ನಾನೇ ಕಾರಣಳಾಗಿರುತ್ತಿದ್ದೆ. ಅದನ್ನು ಹೇಳಿಬಿಡಬೇಕೆಂದು ಕೂತಿದ್ದೇನೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಬರೆದು ಅಭ್ಯಾಸವಿಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮದು ನೇಯುವ ಮನೆ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಮಗ್ಗ, ಹಿಂದಿನ ಕೋಣೆಯಲ್ಲಿ ನಾವು. ಅಮ್ಮ ತೀರಿಕೊಂಡಾಗ ನನಗೆ ಹದಿಮೂರು, ಸವಿತಾಗೆ ನಾಲ್ಕು. ನನ್ನ ಸ್ಕೂಲು ಅಲ್ಲಿಗೆ ನಿಂತಿತು. ಅವಳಿಗೆ ಜಡೆ ಹಾಕುವುದರಿಂದ ಹಿಡಿದು ಮದುವೆ ಮಾಡುವವರೆಗೆ ಎಲ್ಲ ನಾನೇ ಮಾಡಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮಗ್ಗ ಓಡುತ್ತಿರುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ನೇಯುವ ಮನೆಯವರು ಕೈಸನ್ನೆಯಲ್ಲಿ, ತುಟಿಯ ಅಲುಗಾಟದಲ್ಲಿ ಮಾತಾಡುತ್ತಾರೆ. ಸವಿತಾ ಮಾತು ಕಲಿತದ್ದೇ ಆ ಸದ್ದಿನ ನಡುವೆ. ಅವಳಿಗೆ ಹಸಿವಾಗಿದೆಯೋ, ನಿದ್ದೆ ಬಂದಿದೆಯೋ, ಯಾರಾದರೂ ಹೊಡೆದರೋ ಎಲ್ಲವನ್ನೂ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದೆ. ಯಾರಾದರೂ ಅವಳನ್ನು ಏನಾದರೂ ಕೇಳಿದರೆ ಅವಳು ನನ್ನ ಕಡೆ ತಿರುಗುವಳು, ನಾನು ಉತ್ತರ ಹೇಳುವೆನು. ಹೆಣ್ಣು ನೋಡಲು ಬಂದವರು "ಅಡುಗೆ ಎಲ್ಲಾ ಬರುತ್ತೇನಮ್ಮಾ?" ಎಂದು ಅವಳನ್ನು ಕೇಳಿದಾಗಲೂ "ಬರುತ್ತೆ" ಎಂದವಳು ನಾನೇ. ಬರುತ್ತಿರಲಿಲ್ಲ.

ಅವಳ ಗಂಡ ನಾಗೇಶ ಟೆಂಪೊ ಓಡಿಸುತ್ತಾನೆ, ನೆಲಮಂಗಲದ ಗೋದಾಮುಗಳಿಗೆ ಸರಕು ಸಾಗಿಸುತ್ತಾನೆ. ಅವರ ಮನೆ ನಮ್ಮಿಂದ ಎರಡು ಬೀದಿ ಆಚೆ. ಹಾಗಾಗಿ ಮದುವೆಯಾದ ಮೇಲೂ ಸವಿತಾ ಬೆಳಿಗ್ಗೆ ಬಂದು ನಮ್ಮ ಎರಡನೇ ಮಗ್ಗ ನೋಡಿಕೊಳ್ಳುತ್ತಿದ್ದಳು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ ಹಾಸಿನಲ್ಲಿ ಎಳೆ ಕಡಿದರೆ ಹುಡುಕಿ ಗಂಟು ಹಾಕುವುದರಲ್ಲಿ ಅವಳ ಬೆರಳಿಗೆ ಸಮನಾದ ಬೆರಳು ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ.

ಅವಳಿಗೆ ಹದಿನಾರನೇ ವಯಸ್ಸಿನಿಂದ ಅರೆತಲೆನೋವು. ನೋವು ಬರುವ ಮುಂಚೆ ಕಣ್ಣ ಮುಂದೆ ಹೊಳೆಯುವ ಗೆರೆಗಳು ಕಾಣುತ್ತಿದ್ದವು. ದಿನವಿಡೀ ಮಿರಿಮಿರಿ ಮಿನುಗುವ ಹಾಸನ್ನು ದಿಟ್ಟಿಸುವವರಿಗೆ ಸಾಯಂಕಾಲ ಕಣ್ಣು ಮುಚ್ಚಿದರೂ ಎಳೆಗಳೇ ಕಾಣುತ್ತವೆ. ನಮ್ಮ ಮನೆಯಲ್ಲಿ ಅದಕ್ಕೆ ಮಗ್ಗದ ಕಣ್ಣು ಎನ್ನುತ್ತಿದ್ದೆವು. ಅಪ್ಪನಿಗಿತ್ತು, ನನಗೂ ಇದೆ. ಸವಿತಾಳದ್ದೂ ಅದೇ ಎಂದುಕೊಂಡೆವು. ತಣ್ಣೀರು ಬಟ್ಟೆ, ಒಂದು ನೋವಿನ ಮಾತ್ರೆ, ಅಷ್ಟೇ ನಮ್ಮ ವೈದ್ಯ.

ಅವಳ ಮಗಳಿಗೆ ಎರಡು ವರ್ಷ ತುಂಬುತ್ತಿದ್ದಾಗ, ಇನ್ನೊಂದು ಮಗು ಈಗಲೇ ಬೇಡ, ಏನು ಮಾಡೋಣ ಎಂದು ನನ್ನನ್ನು ಕೇಳಿದಳು. ನಾನು ಆಗ ಎಷ್ಟೋ ವರ್ಷದಿಂದ ದಿನಾ ನುಂಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. "ನಂಗೆ ಏನೂ ಆಗಿಲ್ಲ, ನಿಂಗೇನಾಗುತ್ತೆ, ಬಾ" ಎಂದು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ಬಿಪಿ ನೋಡಿದರು. ಆಮೇಲೆ ಸವಿತಾಳನ್ನು ಕೇಳಿದರು: "ತಲೆನೋವು ಬರುತ್ತಾ? ಬರೋಕ್ ಮುಂಚೆ ಕಣ್ಣಿಗೆ ಮಿಂಚು, ಅಂಕುಡೊಂಕು ಗೆರೆ, ಹಂಗೇನಾದ್ರೂ ಕಾಣುತ್ತಾ?"

ಸವಿತಾ ಬಾಯಿ ತೆರೆದಳು. ಅಭ್ಯಾಸದಂತೆ ನನ್ನ ಕಡೆ ತಿರುಗಿದಳು.

"ಹಂಗೇನಿಲ್ಲ ಮೇಡಂ," ಎಂದೆ ನಾನು. "ಮಗ್ಗದ ಸದ್ದಿಗೆ ಆಗಾಗ ತಲೆ ಭಾರ ಆಗುತ್ತೆ ಅಷ್ಟೆ. ಅದು ನಮ್ಮ ಬೀದಿಗೇ ಇದೆ."

"ನಾನು ಅವರನ್ನ ಕೇಳ್ತಿರೋದು."

"ಅಕ್ಕ ಹೇಳ್ದಂಗೆ ಮೇಡಂ," ಎಂದಳು ಸವಿತಾ.

ಹೊರಗೆ ಸಾಲು ಬಾಗಿಲಿನವರೆಗೆ ನಿಂತಿತ್ತು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು.

ಅದು ಬರೀ ಮಗ್ಗದ ಕಣ್ಣಲ್ಲ ಎಂದು ನನಗೆ ಗೊತ್ತಿತ್ತು. ಆರೋಗ್ಯ ಕೇಂದ್ರಕ್ಕೆ ಹೋಗುವುದಕ್ಕೆ ಒಂದು ತಿಂಗಳ ಮುಂಚೆ ಕರೆಂಟಿಲ್ಲದೆ ಎರಡು ದಿನ ಮಗ್ಗ ನಿಂತಿತ್ತು. ಎರಡನೇ ದಿನ ಸವಿತಾ ಜಗಲಿಯ ಮೇಲೆ ಕೂತಿದ್ದವಳು, "ಅಕ್ಕ, ಮಗ್ಗ ಓಡ್ತಾನೇ ಇಲ್ಲ, ಆದ್ರೂ ಬಂತು ನೋಡು. ನಿನ್ ಮುಖ ಅರ್ಧ ಕಾಣ್ತಿಲ್ಲ" ಎಂದಿದ್ದಳು. ನಾನು ಅವತ್ತು ನಕ್ಕು, "ಇರೋ ಅರ್ಧಾನೇ ನೋಡ್ಕೋ ಬಿಡು" ಎಂದಿದ್ದೆ. ಡಾಕ್ಟರಮ್ಮ ಕೇಳಿದಾಗ ಆ ಮಾತು ನನ್ನ ನೆನಪಿಗೆ ಬಂತು. ಬಂದರೂ ಇಲ್ಲ ಎಂದೆ.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳಿನಿಂದ ಗೆರೆಗಳು ವಾರಕ್ಕೆ ಎರಡು ಸಲ ಬರತೊಡಗಿದವು. "ಹೊಸ ಮಾತ್ರೆ, ಮೈಗೆ ಹೊಂದ್ಕೋಬೇಕು" ಎಂದೆ. ಯಾರೂ ಕೇಳದಿದ್ದರೂ ನನ್ನಲ್ಲಿ ಉತ್ತರವಿತ್ತು.

ಮೂರನೇ ತಿಂಗಳು, ಒಂದು ಬೆಳಿಗ್ಗೆ, ಎಂಟು ಗಂಟೆ ಇರಬೇಕು. ಅವಳ ಮಗ್ಗದಲ್ಲಿ ಎಳೆ ಕಡಿದಿತ್ತು. ಅವಳು ಮಗ್ಗ ನಿಲ್ಲಿಸಿ ಬಗ್ಗಿ ಎಳೆ ಹಿಡಿಯಲು ನೋಡಿದಳು. ಎಳೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಕತ್ತಲಲ್ಲೂ ಎಳೆ ಹುಡುಕುವ ಬೆರಳುಗಳು ಅವು. ನಾನು ನನ್ನ ಮಗ್ಗವನ್ನೂ ನಿಲ್ಲಿಸಿದೆ.

"ಸವಿ, ಏನಾಯ್ತೇ?"

ಅವಳು ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದಳು. ಏನೋ ಹೇಳಿದಳು. "ಲಾಳಿ" ಎಂದಳು, "ಅನ್ನ" ಎಂದಳು, ಮತ್ತೆ "ಲಾಳಿ" ಎಂದಳು. ಅವಳಿಗೇ ಗೊತ್ತಾಗುತ್ತಿತ್ತು ಅದು ತಾನು ಹೇಳಬೇಕಾದ ಮಾತಲ್ಲ ಎಂದು. ಅವಳ ಕಣ್ಣಿನಲ್ಲಿದ್ದ ಭಯವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮುಖ ನೋಡಿಯೇ ಅವಳ ಮನಸ್ಸು ಓದುತ್ತೇನೆ ಎಂದು ಬೀಗುತ್ತಿದ್ದವಳು ನಾನು. ಅವತ್ತು ಆ ಮುಖದಲ್ಲಿ ನನಗೆ ಏನೂ ಓದಲಾಗಲಿಲ್ಲ.

ಪಕ್ಕದ ಮನೆಯ ಹುಡುಗನನ್ನು ಓಡಿಸಿ ಅವಳ ಮನೆಗೆ ಸುದ್ದಿ ಮುಟ್ಟಿಸಿದೆ. ಮಗುವನ್ನು ಎತ್ತಿಕೊಂಡು ಅವಳ ಅತ್ತೆ ಗಂಗಮ್ಮನವರು ಓಡಿ ಬಂದರು. "ಗಾಳಿ ಸೋಕೈತೆ, ನಿಂಬೆಹಣ್ಣು ತನ್ನಿ" ಎಂದರು. ಪುಣ್ಯಕ್ಕೆ ನಾಗೇಶ ಇನ್ನೂ ಕೆಲಸಕ್ಕೆ ಹೊರಟಿರಲಿಲ್ಲ, ಟೆಂಪೊ ತಂದ. "ಅಮ್ಮ, ಸುಮ್ನಿರು ನೀನು" ಎಂದು ಹೆಂಡತಿಯನ್ನು ಎತ್ತಿ ಟೆಂಪೊದ ಮುಂದಿನ ಸೀಟಿನಲ್ಲಿ ಕೂರಿಸಿದ. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದವರು ಕೂಡಲೇ ಬೆಂಗಳೂರಿಗೆ ಹೋಗಿ ತಲೆ ಸ್ಕ್ಯಾನ್ ಮಾಡಿಸಿ ಎಂದರು. ಲಕ್ವ ಇರಬಹುದು ಎಂದು ಒಬ್ಬ ನರ್ಸ್ ಇನ್ನೊಬ್ಬರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವಳಿಗಾಗ ಇಪ್ಪತ್ತಾರು ವರ್ಷ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಕಾಯುವ ಜಾಗದ ತುಂಬ ಬಿಳಿ ಟ್ಯೂಬ್‌ಲೈಟು. ಅಷ್ಟರಲ್ಲಿ ಸವಿತಾಳ ಕೈಗೆ ಅರ್ಧ ಜೀವ ಬಂದಿತ್ತು, ಆದರೆ ನೋವು ಶುರುವಾಗಿತ್ತು. ಮುಖ ಮುಚ್ಚಿಕೊಂಡು ನನ್ನ ತೊಡೆಯ ಮೇಲೆ ನರಳುತ್ತಿದ್ದಳು. ಎದುರು ಬೆಂಚಿನಲ್ಲಿ ತನ್ನ ಯಜಮಾನರನ್ನು ಕರೆತಂದಿದ್ದ ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸು ಕೂತಿದ್ದರು. ಸ್ವಲ್ಪ ಹೊತ್ತು ನೋಡಿದರು. ಎದ್ದು ಬಂದು, "ಬೆಳಕು ಚುಚ್ತಾ ಇದೆಯಲ್ವಾ ಬೇಟಿ? ನನ್ ಮಗಳಿಗೂ ಹಿಂಗೇ" ಎಂದರು. ತಮ್ಮ ಕಪ್ಪು ಶಾಲನ್ನು ನಾಲ್ಕು ಮಡಿಕೆ ಮಾಡಿ ಸವಿತಾಳ ಕಣ್ಣಿನ ಮೇಲೆ ಇಟ್ಟರು. ಆಮೇಲೆ ಬಾಗಿಲಲ್ಲಿದ್ದ ಸಿಬ್ಬಂದಿಯ ಮೇಲೆ ರೇಗಿದರು: "ಅರೆ, ಈ ಕಡೆ ಲೈಟ್ ಬಂದ್ ಮಾಡಪ್ಪಾ! ನಿಂಗೇನು ಇಲ್ಲಿ ಸೂಜಿಗೆ ದಾರ ಪೋಣಿಸ್ಬೇಕಾ?" ಅವನು ಆರಿಸಿದ. ಅವರ ಹೆಸರು ಕೇಳಲಿಲ್ಲ. ನಮ್ಮ ಸರದಿ ಬಂದಾಗ ಶಾಲು ವಾಪಸ್ ಕೊಡಲು ಹೋದರೆ, "ಮೊದಲು ಒಳಗೆ ಹೋಗು" ಎಂದು ದಬ್ಬಿದರು.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ರಕ್ತ ಹೆಪ್ಪುಗಟ್ಟಿರಲಿಲ್ಲ. ಅದು ಮೈಗ್ರೇನೇ, ಜೋರಾಗಿ ಬಂದಿದೆ ಎಂದು ಅಲ್ಲಿನ ಯುವ ಡಾಕ್ಟರ್ ಹೇಳಿದಾಗ ನಾಗೇಶ ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟ. ಡಾಕ್ಟರ್ ಮಾತ್ರ ಇನ್ನೂ ಗಂಭೀರವಾಗಿದ್ದರು. ಬೇರೆ ಏನು ಮಾತ್ರೆ ತಗೋತೀರಿ ಎಂದು ಕೇಳಿದರು. ನಾನು ಅವಳ ಬ್ಯಾಗಿನಿಂದ ದಿನಾ ನುಂಗುವ ಮಾತ್ರೆ ತೆಗೆದು ತೋರಿಸಿದೆ.

"ಇದನ್ನ ಇವತ್ತೇ ನಿಲ್ಲಿಸಿ. ಕಣ್ಣಿಗೆ ಗೆರೆ ಕಾಣೋ ಥರದ ಮೈಗ್ರೇನ್ ಇರೋರು ಈ ಮಾತ್ರೆ ತಗೊಂಡ್ರೆ ಲಕ್ವದ ಅಪಾಯ ಜಾಸ್ತಿ. ಈ ಸಲ ತಪ್ಪಿಸ್ಕೊಂಡಿದೀರಿ. ಮಾತ್ರೆ ಕೊಡೋವಾಗ ಯಾರೂ ಕೇಳ್ಲಿಲ್ವಾ?"

ಆಗಷ್ಟೇ ನಾಲಿಗೆ ಹೊರಳತೊಡಗಿದ್ದ ನನ್ನ ತಂಗಿ ನಿಧಾನವಾಗಿ ಹೇಳಿದಳು: "ಕೇಳಿದ್ರು ಸಾರ್. ನಾನೇ ಹೇಳ್ಲಿಲ್ಲ."

ನಾನು ಪಕ್ಕದಲ್ಲೇ ಇದ್ದೆ. ಅಲ್ಲ ಸಾರ್, ನಾನು ಎಂದು ಹೇಳಲು ಒಂದು ಉಸಿರು ಸಾಕಿತ್ತು. ಹೇಳಲಿಲ್ಲ. ಜೀವಮಾನವೆಲ್ಲ ಅವಳ ಪರವಾಗಿ ಮಾತಾಡಿದವಳು, ನನ್ನ ಮಾತನ್ನು ನಾನೇ ಆಡಬೇಕಾದ ಕಡೆ ಸುಮ್ಮನೆ ಕೂತೆ.

ಹದಿನೈದು ದಿನ ಬಿಟ್ಟು ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಮತ್ತೆ ಹೋದೆವು. ಈ ಸಲ ಸವಿತಾ, ನಾನು, ನಾಗೇಶ, ಗಂಗಮ್ಮನವರು. ಅದೇ ಡಾಕ್ಟರಮ್ಮ. ಬೆಂಗಳೂರಿನ ಕಾಗದ ಓದಿ ಕನ್ನಡಕ ತೆಗೆದರು. ಅವರು ಏನಾದರೂ ಕೇಳುವ ಮುಂಚೆಯೇ ಸವಿತಾ ಶುರು ಮಾಡಿದಳು.

"ಅವತ್ತು ನೀವು ಕೇಳಿದ್ರಿ ಮೇಡಂ. ಅಕ್ಕ ಇಲ್ಲ ಅಂದ್ಲು, ನಾನು ಹೂಂ ಅಂದೆ. ಇವತ್ತು ನಾನೇ ಹೇಳ್ತೀನಿ. ಮೊದ್ಲು ಕಣ್ಣಿನ ನಡುವೆ ಒಂದು ಚುಕ್ಕೆ ಬರುತ್ತೆ. ಆಮೇಲೆ ಅದು ಸೀರೆ ಅಂಚಲ್ಲಿ ಗೋಪುರ ನೇಯ್ತೀವಲ್ಲ, ಹಂಗೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಗ್ತಾ ಅಗಲ ಆಗುತ್ತೆ. ಹೊಳೀತಾ, ನಡುಗ್ತಾ ಇರುತ್ತೆ. ಅದರೊಳಗಿರೋದು ಏನೂ ಕಾಣಲ್ಲ. ನಿಮ್ಮ ಮುಖ ನೋಡಿದ್ರೆ ಅರ್ಧ ಇರಲ್ಲ. ಇಪ್ಪತ್ತು ನಿಮಿಷ. ಅದು ಅಂಚಿಗೆ ಸರಿದು ಹೋದ್ಮೇಲೆ ನೋವು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಷ್ಟು ಚೆನ್ನಾಗಿ ನಂಗೆ ಇದುವರೆಗೆ ಯಾರೂ ಹೇಳಿಲ್ಲ ಕಣಮ್ಮ" ಎಂದರು.

ನನ್ನ ಎದೆ ಉಬ್ಬಿತು. ಅದೇ ಗಳಿಗೆಯಲ್ಲಿ ನಾಚಿಕೆಯೂ ಆಯಿತು. ಹತ್ತು ವರ್ಷ ಇದು ಅವಳೊಳಗೆ ಇತ್ತು. ಒಂದು ದಿನವೂ ನಾನು ಕೇಳಿರಲಿಲ್ಲ.

ಡಾಕ್ಟರಮ್ಮ ಡ್ರಾಯರ್ ಎಳೆದು ಒಂದೊಂದಾಗಿ ಮೇಜಿನ ಮೇಲಿಟ್ಟರು. ಕಾಪರ್-ಟಿ. ಮೂರು ತಿಂಗಳಿಗೊಂದು ಇಂಜೆಕ್ಷನ್. ಹಾರ್ಮೋನ್ ಇಲ್ಲದ, ವಾರದ ಲೆಕ್ಕದಲ್ಲಿ ನುಂಗುವ ಇನ್ನೊಂದು ಮಾತ್ರೆ. ನಿರೋಧ್. "ಇದರಲ್ಲಿ ಯಾವುದು ಬೇಕಾದ್ರೂ ತಗೋಬಹುದು, ಒಂದೊಂದರ ಒಳ್ಳೇದು ಕೆಟ್ಟದ್ದು ಹೇಳ್ತೀನಿ. ಹಳೇ ಮಾತ್ರೆ ಮಾತ್ರ ಬೇಡ. ಮೆಡಿಕಲ್ ಶಾಪಲ್ಲಿ ಕೊಟ್ರೂ ಬೇಡ, ಅಕ್ಕ ಕೊಟ್ರೂ ಬೇಡ."

ನಾನು ನೆಲ ನೋಡಿದೆ.

"ಇದೆಲ್ಲಾ ಯಾಕ್ ಮೇಡಂ," ಎಂದು ಗಂಗಮ್ಮನವರು ಮುಂದೆ ಬಂದರು. "ಒಂದ್ ಮಗು ಆಗೈತೆ. ಜೀವ ಉಳೀತಲ್ಲ, ಸಾಕು. ಆಪರೇಷನ್ ಮಾಡಿಬಿಡಿ."

"ಆಪರೇಷನ್ ಅಂದ್ರೆ ಗಂಡಸರಿಗೂ ಇದೆ. ಅದು ಇನ್ನೂ ಸುಲಭ," ಎಂದರು ಡಾಕ್ಟರಮ್ಮ.

ನಾಗೇಶ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

"ಅವನಿಗೆಲ್ಲಾದ್ರೂ ಉಂಟಾ! ಗಾಡಿ ಓಡ್ಸೋನು!"

"ಗಾಡಿ ಓಡ್ಸೋದು ಕೈ ಕಾಲಲ್ಲಿ ಅಲ್ವಾ ಅಮ್ಮ?"

ಸವಿತಾ ನಕ್ಕುಬಿಟ್ಟಳು. ನಾಗೇಶನ ಕಿವಿ ಕೆಂಪಾಯಿತು. ನನಗೂ ಆಪರೇಷನ್ನೇ ಸರಿ ಎನ್ನಿಸಿತ್ತು, ಹೇಳಲು ನಾಲಿಗೆ ತುದಿಗೆ ಬಂದಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಕೂತೆ.

ಸವಿತಾ ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಂಗೆ ಇನ್ನೊಂದು ಮಗು ಬೇಕು. ಈಗಲ್ಲ. ಮೂರೋ ನಾಲ್ಕೋ ವರ್ಷ ಆದ್ಮೇಲೆ. ನಾನು ಬೇಕು ಅಂದಾಗ." ಆಮೇಲೆ ಡಾಕ್ಟರಮ್ಮನನ್ನು ಕೇಳಲು ಶುರು ಮಾಡಿದಳು. ತೆಗೆಸಿದ ಮೇಲೆ ಎಷ್ಟು ದಿನಕ್ಕೆ ಮಗು ನಿಲ್ಲಬಹುದು? ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಾ? ಇಂಜೆಕ್ಷನ್ ನಿಲ್ಲಿಸಿದರೆ ಎಷ್ಟು ಕಾಯಬೇಕು? ದಿನವೆಲ್ಲ ಮಗ್ಗದ ಮೇಲೆ ಬಗ್ಗಿ ಏಳುತ್ತೇನೆ, ಕಾಪರ್-ಟಿ ಜಾರುತ್ತಾ? ಇಷ್ಟು ವರ್ಷ ಮಾತ್ರೆ ನುಂಗಿದ ನಾನು ಇದರಲ್ಲಿ ಒಂದನ್ನೂ ಯಾರನ್ನೂ ಕೇಳಿರಲಿಲ್ಲ.

"ಬಗ್ಗಿದ್ರೆ ಜಾರಲ್ಲ. ಅಪರೂಪಕ್ಕೆ ಜಾರಬಹುದು. ಅದಕ್ಕೊಂದು ಸಣ್ಣ ದಾರ ಇರುತ್ತೆ, ಮುಟ್ಟು ಮುಗಿದ ಮೇಲೆ ಬೆರಳಿಗೆ ಸಿಗುತ್ತಾ ನೋಡ್ಕೋಬೇಕು."

"ದಾರ ಹುಡ್ಕೋದು ನಮಗೆ ಹೇಳ್ಕೊಡ್ಬೇಕಾ ಮೇಡಂ?" ಎಂದಳು ನನ್ನ ತಂಗಿ. ಡಾಕ್ಟರಮ್ಮ ಎಷ್ಟು ನಕ್ಕರೆಂದರೆ ಹೊರಗಿನ ಸಾಲಿನವರು ಇಣುಕಿ ನೋಡಿದರು.

ಕಾಪರ್-ಟಿ ಆರಿಸಿದಳು. ಮೊದಲ ಎರಡು ಮೂರು ತಿಂಗಳು ಮುಟ್ಟಿನ ನೋವು ಹೆಚ್ಚಿತ್ತು, ಡಾಕ್ಟರಮ್ಮ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ನನ್ನ ತಪ್ಪಿನ ಅರ್ಧ ಮಾತ್ರ ಅವಳಿಗೆ ಗೊತ್ತಿತ್ತು. ಅಕ್ಕ ಮರೆತು, ಗೊತ್ತಿಲ್ಲದೆ ಇಲ್ಲ ಎಂದಳು ಎಂದುಕೊಂಡಿದ್ದಳು. ಕಾಪರ್-ಟಿ ಹಾಕಿಸಿಕೊಂಡು ಎಂಟು ಹತ್ತು ದಿನವಾಗಿತ್ತು. ಅವಳ ಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ನಾನು ಹೇಳಿಬಿಟ್ಟೆ.

"ಸವಿ, ಅವತ್ತು ಮೇಡಂ ಕೇಳಿದಾಗ ನಂಗೆ ಗೊತ್ತಿತ್ತು ಕಣೇ. ಕರೆಂಟ್ ಇಲ್ದಿದ್ ದಿನ ನೀನು ಹೇಳಿದ್ದು ಜ್ಞಾಪಕ ಬಂತು. ಹೇಳಿದ್ರೆ ಮಾತ್ರೆ ಕೊಡಲ್ಲ, ಅಲ್ಲಿ ಇಲ್ಲಿ ಅಂತ ತಿರುಗಾಡ್ಸ್ತಾರೆ, ಅಷ್ಟರಲ್ಲಿ ನೀನು ಬಸುರಿ ಆಗ್ಬಿಟ್ರೆ ಅಂತ..."

"ಆದ್ರೆ ಏನಾಗ್ತಿತ್ತು?"

"ಹೋದ್ಸಲ ನಿನ್ ಬಾಣಂತನದಲ್ಲಿ ಎರಡನೇ ಮಗ್ಗ ಒಂದು ವರ್ಷ ನಿಂತಿತ್ತಲ್ಲ."

ಅವಳ ಕೈ ನಿಂತಿತು.

"ಮಗ್ಗಕ್ಕಾ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ಅವಳು ಮೊರ ಪಕ್ಕಕ್ಕಿಟ್ಟು, ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಆದರೂ ನಾನು ಒಳಗೆ ಹೋಗದೆ, ಉಳಿದ ಅವರೆಕಾಯಿ ಸುಲಿದಿಟ್ಟು ಮನೆಗೆ ಬಂದೆ.

ಮಾರನೆಯ ವಾರದಿಂದ ಅವಳು ಪಕ್ಕದ ಬೀದಿಯ ಬೇರೊಂದು ಮನೆಯಲ್ಲಿ ಮಗ್ಗಕ್ಕೆ ಹೋಗತೊಡಗಿದಳು. ಮೂರು ತಿಂಗಳು. ನನ್ನ ಎರಡನೇ ಮಗ್ಗ ನಿಂತೇ ಇತ್ತು. ಏನಕ್ಕೆ ಹೆದರಿ ಸುಳ್ಳು ಹೇಳಿದ್ದೆನೋ ಅದೇ ಆಯಿತು. ಬೀದಿಯಲ್ಲಿ ಯಾರಾದರೂ "ಯಾಕಮ್ಮ, ಅಕ್ಕನ ಮನೆಗೆ ಹೋಗಲ್ವಾ?" ಎಂದು ಕೆದಕಿದರೆ, "ಅಕ್ಕ ನಂಗೆ ತಪ್ಪು ಮಾಡಿದ್ಲು, ನಂಗೆ ಕೋಪ ಇದೆ" ಎಂದು ನೇರವಾಗಿ ಹೇಳುತ್ತಿದ್ದಳಂತೆ. ಮುಚ್ಚಿಡಲಿಲ್ಲ, ಸೇರಿಸಿಯೂ ಹೇಳಲಿಲ್ಲ. ಆ ಮಾತು ನನ್ನ ಕಿವಿಗೆ ಬಂದಾಗಲೆಲ್ಲ ಅಳು ಬರುತ್ತಿತ್ತು. ಅಳುತ್ತಲೇ, ನೋಡು ಹೆಂಗೆ ಹೇಳಿದಾಳೆ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಇದನ್ನು ಹೇಗೆ ವಿವರಿಸುವುದೋ ನನಗೆ ಗೊತ್ತಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಂದು ಹೊಸಿಲ ಹೊರಗೆ ನಿಂತಳು. "ಮಿಣಮಿಣ ಅನ್ನೋ ಆ ಟ್ಯೂಬ್‌ಲೈಟ್ ಬದಲಾಯಿಸ್ಬೇಕು. ಒಂದು ಗಂಟೆಗೆ ಊಟಕ್ಕೆ ಏಳ್ತೀನಿ. ಗೋಪುರ ಕಾಣಿಸ್ಕೊಂಡ್ರೆ ಅರ್ಧ ಸೀರೆ ಆಗಿದ್ರೂ ನಿಲ್ಲಿಸಿ ಹೋಗ್ತೀನಿ. ಒಪ್ಪಿದ್ರೆ ಹೇಳು."

ಒಪ್ಪಿದೆ. ಒಪ್ಪದೇ ಏನು ಮಾಡಲಿ.

ಬಂದ ವಾರವೇ ನನ್ನನ್ನು ಎಳೆದುಕೊಂಡು ಹೋಗಿ ಬಿಪಿ ನೋಡಿಸಿದಳು. ಜಾಸ್ತಿ ಇತ್ತು. ಬಿಪಿ ಇರುವವರಿಗೂ ಆ ಮಾತ್ರೆ ಬೇಡವಂತೆ, ನನ್ನದೂ ನಿಂತಿತು. ಈಗ ನಮ್ಮ ಬೀದಿಯ ಹೆಂಗಸರು ಅವಳನ್ನು ಕೇಳಿಕೊಂಡು ಬರುತ್ತಾರೆ. ಹೊಸದಾಗಿ ಮದುವೆಯಾದ ಒಬ್ಬ ಹುಡುಗಿಗೂ ಕಣ್ಣಿಗೆ ಹೀಗೇ ಕಾಣುತ್ತಿತ್ತು, ಅತ್ತೆ ನಾಟಕ ಎನ್ನುತ್ತಿದ್ದರು. ಸವಿತಾ ಅವಳ ಜೊತೆ ಆರೋಗ್ಯ ಕೇಂದ್ರಕ್ಕೆ ಹೋದಳು. ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ಹುಡುಗಿ, "ನೀವೇ ಹೇಳ್ಬಿಡಿ ಅಕ್ಕ" ಎಂದು ಕೈ ಹಿಡಿದುಕೊಂಡಳಂತೆ. "ನಾನು ಇಲ್ಲೇ ಬೆಂಚಲ್ಲಿ ಕೂತಿರ್ತೀನಿ. ಕಾಣೋದು ನಿನ್ ಕಣ್ಣಿಗೆ ತಾನೇ? ನೀನೇ ಹೇಳು" ಎಂದು ಒಳಗೆ ಕಳಿಸಿದಳಂತೆ. ಇದನ್ನು ಓದುತ್ತಿರುವ ನಿಮಗೂ ಹಾಗೆ ಕಾಣುತ್ತಿದ್ದರೆ, ಡಾಕ್ಟರು ಕೇಳದಿದ್ದರೂ ಹೇಳಿ. ಜೊತೆಗೆ ಬಂದವರು ಏನಾದರೂ ಅನ್ನಲಿ.

ಇಷ್ಟು ಬರೆದು ನಿನ್ನೆ ಸವಿತಾಗೆ ಓದಿ ಹೇಳಿದೆ. ಅವಳು ಕಂಡಿಕೆಗೆ ನೂಲು ಸುತ್ತುತ್ತಾ ಪೂರ್ತಿ ಕೇಳಿದಳು. ಅಡುಗೆ ಬರುತ್ತಿರಲಿಲ್ಲ ಎಂದು ಬರೆದದ್ದಕ್ಕೆ ಬೈದಳು. ಕೊನೆಯಲ್ಲಿ ನಾನು, ತಂಗಿ ನನ್ನನ್ನು ಕ್ಷಮಿಸಿದ್ದಾಳೆ ಎಂದು ಒಂದು ಸಾಲು ಬರೆದಿದ್ದೆ.

"ಅದನ್ನ ಹೊಡೆದಾಕು," ಎಂದಳು.

"ಯಾಕೇ?"

"ನಾನು ಇನ್ನೂ ಹಂಗಂದಿಲ್ಲ."

"ಮತ್ತೆ ಯಾವಾಗ ಅಂತೀಯ?"

"ಅನ್ನೋವಾಗ ನಾನೇ ಅಂತೀನಿ ಕಣಕ್ಕ. ನೀನ್ ಹೇಳ್ಬೇಡ."

ಆ ಸಾಲನ್ನು ಹೊಡೆದು ಹಾಕಿದ್ದೇನೆ.